ಚಾಕುವಿಗೆ ಮುನ್ನ ಒಪ್ಪಿಗೆ: ಖಾಝಿಯ ದಫ್ತರದಿಂದ ಆಸ್ಪತ್ರೆಯ ಫಾರಂವರೆಗೆ

ದೊಡ್ಡಬೆಳವಂಗಲದ ಕಡೆಯ ಮನೆಗಳಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕೆಂದರೆ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಊರಿನ ಡಾಕ್ಟರು. ಆಮೇಲೆ ದೊಡ್ಡಬಳ್ಳಾಪುರದ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಚೀಟಿ ಹಿಡಿದು ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ವಾಣಿವಿಲಾಸ, ಇಲ್ಲವೇ ಸಾಲ ಮಾಡಿ ಯಾವುದಾದರೂ ಖಾಸಗಿ ಆಸ್ಪತ್ರೆ. ಆಪರೇಷನ್‌ನ ಹಿಂದಿನ ರಾತ್ರಿ ಅಥವಾ ಅದೇ ದಿನ ಬೆಳಿಗ್ಗೆ ನರ್ಸ್ ಒಂದು ಫಾರಂ ತರುತ್ತಾರೆ. “ಪೇಷೆಂಟ್ ಕಡೆಯವರು ಯಾರು?” ಎಂದು ಕೂಗುತ್ತಾರೆ. ಗಂಡನೋ ಮಗನೋ ಅಳಿಯನೋ ಮುಂದೆ ಹೋಗಿ, ಓದದೆಯೇ ಸಹಿ ಹಾಕಿ ಬರುತ್ತಾರೆ. ಹಾಸಿಗೆಯ ಮೇಲಿರುವವರ ಮುಂದೆ ಆ ಫಾರಂ ಎಷ್ಟೋ ಸಲ ಬರುವುದೇ ಇಲ್ಲ. ಬಂದರೂ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸುವುದಕ್ಕಷ್ಟೇ.

ಈ ಹಾಳೆಗೆ ನಾಲ್ಕು ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದರ ಹಿಂದಿರುವ ಪ್ರಶ್ನೆ ಅದಕ್ಕಿಂತಲೂ ಬಹಳ ಹಳೆಯದು. ರೋಗಿಯ ಮೈಗೆ ಏನು ಮಾಡಬೇಕೆಂದು ತೀರ್ಮಾನಿಸುವವರು ಯಾರು? ಅವರನ್ನು ಪ್ರೀತಿಸುವವರೋ, ಅವರಿಗಿಂತ ಹೆಚ್ಚು ತಿಳಿದವರೋ, ಅಥವಾ ಅವರೇನಾ?

ಈ ಪ್ರಶ್ನೆ ಎದ್ದ ಮನೆಗಳಲ್ಲಿ ಪ್ರವಾದಿವರ್ಯರ(ಸ) ಮನೆಯೂ ಒಂದು. ಹಿಜರಿ 11, ಅಂದರೆ ಕ್ರಿ.ಶ. 632. ಪ್ರವಾದಿವರ್ಯರು(ಸ) ಕೊನೆಯ ಕಾಯಿಲೆಯಲ್ಲಿ ಮಲಗಿದ್ದರು. ಆಗಿನ ಅರಬರಲ್ಲಿ ‘ಲದೂದ್’ ಎಂಬ ಒಂದು ಪದ್ಧತಿಯಿತ್ತು. ರೋಗಿಯ ಬಾಯಿಯ ಒಂದು ಮಗ್ಗುಲಿನಿಂದ ಔಷಧ ಹೊಯ್ಯುವುದು. ಮನೆಯವರು ಹಾಗೆ ಮಾಡಲು ಹೋದಾಗ ಬೇಡವೆಂದು ಪ್ರವಾದಿವರ್ಯರು(ಸ) ಸನ್ನೆ ಮಾಡಿದರು. ರೋಗಿಗಳಿಗೆ ಔಷಧವೆಂದರೆ ಬೇಸರ ಸಹಜವೇ ಎಂದುಕೊಂಡು ಮನೆಯವರು ಹೊಯ್ದೇಬಿಟ್ಟರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು, ನಾನು ಬೇಡವೆಂದಿರಲಿಲ್ಲವೇ ಎಂಬರ್ಥದಲ್ಲಿ ಕೇಳಿದರು. ಮನೆಯವರು ಮತ್ತೆ ಅದೇ ಕಾರಣ ಹೇಳಿದರು. ಆಗ ಅಲ್ಲಿದ್ದವರಿಗೆಲ್ಲ ತಮ್ಮ ಕಣ್ಣೆದುರೇ ಅದೇ ಔಷಧ ಹೊಯ್ಯಬೇಕೆಂದು ಹೇಳಿದರು. ಆ ಹೊತ್ತಿಗೆ ಅಲ್ಲಿರದಿದ್ದ ಹಝ್ರತ್ ಅಬ್ಬಾಸ್(ರ) ಒಬ್ಬರನ್ನು ಮಾತ್ರ ಬಿಟ್ಟರು. ಈ ಪ್ರಸಂಗವನ್ನು ಹೇಳಿದವರು ಹಝ್ರತ್ ಆಯಿಶಾ(ರ). ಸಹೀಹ್ ಬುಖಾರಿಯಲ್ಲಿ ಇದು ಒಂದಕ್ಕಿಂತ ಹೆಚ್ಚು ಕಡೆ ಬಂದಿದೆ.

ವಿದ್ವಾಂಸರು ಈ ಹದೀಸಿಗೆ ಹಲವು ವಿವರಣೆ ಕೊಟ್ಟಿದ್ದಾರೆ. ನನ್ನ ಗಮನ ಹೋಗುವುದು ಮನೆಯವರು ಕೊಟ್ಟ ಕಾರಣದ ಕಡೆಗೆ. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ರೋಗಿ ಬೇಡವೆಂದದ್ದನ್ನು ಅವರು ಕೇಳಿಸಿಕೊಂಡೂ ಇದ್ದರು. ಆದರೆ ಅದನ್ನು ಒಬ್ಬ ವ್ಯಕ್ತಿಯ ತೀರ್ಮಾನವೆಂದು ತೆಗೆದುಕೊಳ್ಳದೆ ಕಾಯಿಲೆಯ ಲಕ್ಷಣವೆಂದು ತೆಗೆದುಕೊಂಡರು. “ಅಮ್ಮ ಹಾಗೇ ಹೇಳ್ತಾರೆ, ನೀವು ಮಾಡಿ ಡಾಕ್ಟ್ರೇ” ಎಂದು ಇಂದು ಮಗ ಹೇಳುವುದು ಇದೇ ಮಾತನ್ನು.

ಹಝ್ರತ್ ಆಯಿಶಾ(ರ) ಅವರ ಅಕ್ಕನ ಮಗ, ಅವರಿಂದ ಬಹಳಷ್ಟು ಹದೀಸ್ ಕಲಿತವರು ಉರ್ವಾ ಇಬ್ನ್ ಝುಬೈರ್(ರಹ್). ಮದೀನಾದ ಏಳು ಮಂದಿ ಪ್ರಸಿದ್ಧ ಫುಖಹಾಗಳಲ್ಲಿ ಒಬ್ಬರು. ಖಲೀಫ ವಲೀದರನ್ನು ಕಾಣಲು ಡಮಾಸ್ಕಸ್ ಕಡೆಗೆ ಹೋದಾಗ ಅವರ ಕಾಲಿಗೆ ಕೊಳೆಯುವ ಹುಣ್ಣು ಹಿಡಿಯಿತು. ಕತ್ತರಿಸದಿದ್ದರೆ ಮೇಲಕ್ಕೆ ಏರುತ್ತದೆ ಎಂದು ವೈದ್ಯರು ಹೇಳಿದರು. ಅದೇ ಪ್ರಯಾಣದಲ್ಲಿ ಅವರ ಮಗನೂ ಕುದುರೆಯ ಒದೆತಕ್ಕೆ ಸಿಕ್ಕಿ ತೀರಿಕೊಂಡ. ಇದನ್ನು ನಾವು ಖುತ್ಬಾಗಳಲ್ಲಿ ಸಬ್ರ್‌ಗೆ, ಅಂದರೆ ಸಹನೆಗೆ ಉದಾಹರಣೆಯಾಗಿ ಕೇಳಿದ್ದೇವೆ. ಅದು ಸರಿಯೇ. ಆದರೆ ಅದರೊಳಗೆ ಇನ್ನೊಂದು ಸಂಗತಿಯಿದೆ. ವೈದ್ಯರು ಕಾಯಿಲೆ ಏನೆಂದು ಅವರಿಗೇ ಹೇಳಿದರು, ಕತ್ತರಿಸದಿದ್ದರೆ ಏನಾಗುತ್ತದೆಂದೂ ಹೇಳಿದರು. ನೋವು ತಿಳಿಯದಂತೆ ಮತ್ತು ಬರುವ ಪಾನೀಯ ಕೊಡುತ್ತೇವೆ ಎಂದರು. ಉರ್ವಾ ಕತ್ತರಿಸಲು ಒಪ್ಪಿದರು, ಪಾನೀಯ ಒಪ್ಪಲಿಲ್ಲ. ವೈದ್ಯರು ಎರಡನ್ನೂ ಹಾಗೆಯೇ ನಡೆಸಿದರು. ಖಲೀಫನ ಅತಿಥಿಯಾಗಿದ್ದ ಮನುಷ್ಯನಿಗೆ ಬಲವಂತವಾಗಿ ಕುಡಿಸುವುದು ಕಷ್ಟವೇನಿರಲಿಲ್ಲ. ಆದರೂ ಕುಡಿಸಲಿಲ್ಲ.

ಮುಂದೆ ಫಿಕ್ಹ್‌ನ ಗ್ರಂಥಗಳಲ್ಲಿ ಈ ವಿಷಯ ಹೊಣೆಗಾರಿಕೆಯ ಅಧ್ಯಾಯದೊಳಗೆ ಬಂತು. ವೈದ್ಯ ವಿದ್ಯೆ ಗೊತ್ತಿಲ್ಲದೆ ಚಿಕಿತ್ಸೆಗೆ ಕೈ ಹಾಕಿದವನು ಹಾನಿಗೆ ಹೊಣೆ ಎಂಬರ್ಥದ ಹದೀಸ್ ಅಬೂ ದಾವೂದ್‌ನಲ್ಲಿದೆ. ಅಲ್ಲಿಂದ ಹೊರಟ ಫುಖಹಾಗಳು ವಿದ್ಯೆ ಗೊತ್ತಿದ್ದವನ ಬಗ್ಗೆಯೂ ಕೇಳಿದರು. ನುರಿತ ವೈದ್ಯನೇ ರೋಗಿಯ ಅನುಮತಿ ಇಲ್ಲದೆ ಒಂದು ಗಡ್ಡೆ ಕತ್ತರಿಸಿದರೆ? ಹಿಜರಿ 751ರಲ್ಲಿ ತೀರಿಕೊಂಡ ಇಬ್ನುಲ್ ಖಯ್ಯಿಮ್(ರಹ್) ತಮ್ಮ ‘ಝಾದುಲ್ ಮಆದ್’ನಲ್ಲಿ ಇದನ್ನು ಬಿಡಿಸಿ ಚರ್ಚಿಸಿದ್ದಾರೆ. ರೋಗಿಯ, ರೋಗಿ ಮಗುವಾಗಿದ್ದರೆ ಪೋಷಕರ, ಅನುಮತಿ ಇಲ್ಲದೆ ಚಾಕು ಹಾಕಿ ಹಾನಿಯಾದರೆ ವೈದ್ಯ ಹೊಣೆ ಎಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದಾರೆ. ಒಳ್ಳೆಯದನ್ನೇ ಮಾಡಹೊರಟವನಿಗೆ ಹೊಣೆ ಇರಲಾರದು ಎಂಬ ವಾದಕ್ಕೂ ಜಾಗ ಬಿಟ್ಟಿದ್ದಾರೆ. ಈ ಎರಡು ವಾದಗಳ ಜಗಳ ಇವತ್ತಿನ ಕೋರ್ಟುಗಳಲ್ಲೂ ಮುಗಿದಿಲ್ಲ.

ಪುಸ್ತಕದಲ್ಲಿದ್ದ ಈ ಮಾತು ದಿನನಿತ್ಯದ ವ್ಯವಹಾರವಾದದ್ದು ಉಸ್ಮಾನಿ ತುರ್ಕಿಯಲ್ಲಿ. 16 ಮತ್ತು 17ನೇ ಶತಮಾನದ ಇಸ್ತಾಂಬುಲ್, ಬುರ್ಸಾ ಮುಂತಾದ ನಗರಗಳ ಖಾಝಿಗಳ ದಫ್ತರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಮದುವೆ, ಸಾಲ, ಆಸ್ತಿಯ ದಾಖಲೆಗಳ ನಡುವೆ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಗಳು ಸಿಗುತ್ತವೆ. ಮೂತ್ರಕೋಶದ ಕಲ್ಲು ತೆಗೆಯುವುದು, ಹರ್ನಿಯಾದ ಚಿಕಿತ್ಸೆ ಇವೇ ಹೆಚ್ಚು. ಎರಡೂ ಜೀವಕ್ಕೆ ಅಪಾಯವಿದ್ದ ಕೆಲಸಗಳು. ರೋಗಿ ಮತ್ತು ಜರ್ರಾಹ ಇಬ್ಬರೂ ಖಾಝಿಯ ಮುಂದೆ ನಿಲ್ಲುತ್ತಿದ್ದರು. ತನಗೆ ಇಂಥ ಬಾಧೆಯಿದೆ, ಇವರು ಇಷ್ಟು ಹಣಕ್ಕೆ ಕತ್ತರಿಸಿ ವಾಸಿ ಮಾಡಲು ಒಪ್ಪಿದ್ದಾರೆ, ತಾನು ಸತ್ತರೆ ವಾರಸುದಾರರು ರಕ್ತಪರಿಹಾರ ಕೇಳಬಾರದು ಎಂದು ರೋಗಿ ಹೇಳುತ್ತಿದ್ದರು. ಸಾಕ್ಷಿಗಳ ಹೆಸರಿನೊಂದಿಗೆ ಗುಮಾಸ್ತ ಅದನ್ನು ಬರೆದುಕೊಳ್ಳುತ್ತಿದ್ದ. 1622ರಲ್ಲಿ ಇಸ್ತಾಂಬುಲ್‌ನ ಉಸ್ಕುದಾರ್‌ನ ದಫ್ತರದಲ್ಲಿ ಸಾಲಿಹಾ ಖಾತೂನ್ ಎಂಬ ಮಹಿಳೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಆಕೆ ಜರ್ರಾಹ. ಆಕೆಯ ಕೈಯಲ್ಲಿ ಹರ್ನಿಯಾ ಚಿಕಿತ್ಸೆಗೆ ಒಪ್ಪಿಗೆ ಬರೆಸಿಕೊಟ್ಟವರು ಗಂಡಸರು.

ಆ ಪತ್ರವನ್ನು ತುರ್ಕಿಯಲ್ಲಿ ‘ರಿಝಾ ಸೆನೆದಿ’ ಎನ್ನುತ್ತಾರೆ. ಎರಡೂ ಪದ ನಮಗೆ ಹೊಸವಲ್ಲ. ಒಂದು ನಮ್ಮ ಉರ್ದುವಿನ ರಝಾ, ಕನ್ನಡಕ್ಕೆ ಬಂದು ‘ರಾಜಿ’ಯ ನೆಂಟನಾಗಿದೆ. ಮಕ್ಕಳು ಶಾಲೆಗೆ ಹಾಕುವ ‘ರಜಾ’ ಕೂಡ ಅದೇ, ಮೂಲದಲ್ಲಿ ಅನುಮತಿ ಎಂದರ್ಥ. ಇನ್ನೊಂದು ‘ಸನದು’.

ನಾವೇ ಮೊದಲು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಸನದನ್ನು ಗಮನವಿಟ್ಟು ಓದಿದರೆ ಅದು ಮುಖ್ಯವಾಗಿ ಕಾಪಾಡುತ್ತಿದ್ದದ್ದು ಜರ್ರಾಹನನ್ನು, ರೋಗಿಯನ್ನಲ್ಲ. ಇಂದಿನ ಫಾರಂ ಕೂಡ ಆಸ್ಪತ್ರೆಯ ಕಡೆಯ ಕಾಗದವೇ. ಆದರೂ ಒಂದು ವ್ಯತ್ಯಾಸವಿದೆ. ಅಂದು ರೋಗಿ ತಾನೇ ಖಾಝಿಯ ಮುಂದೆ ಬಾಯಿ ಬಿಟ್ಟು, ತನ್ನ ಭಾಷೆಯಲ್ಲಿ, ನಾಲ್ಕು ಜನರೆದುರು ಹೇಳಬೇಕಿತ್ತು. ಕೇಳಿದವರಿಗೆಲ್ಲ ಅರ್ಥವಾಗಬೇಕಿತ್ತು.

ಇಂಗ್ಲೆಂಡಿನ ಕಾನೂನು ಪುಸ್ತಕಗಳಲ್ಲಿ ಈ ವಿಷಯದ ಹಳೆಯ ಪ್ರಕರಣ 1767ರದು. ಮುರಿದ ಕಾಲು ಕೂಡಿಕೊಂಡಿದ್ದ ಒಬ್ಬ ರೋಗಿಯ ಕಾಲನ್ನು ಇಬ್ಬರು ವೈದ್ಯರು ಅವನನ್ನು ಕೇಳದೆ ಮತ್ತೆ ಮುರಿದರು, ಒಂದು ಹೊಸ ಉಪಕರಣ ಹಾಕಿ ಎಳೆದರು. ಕೇಳದೆ ಹಾಗೆ ಮಾಡುವ ರೂಢಿ ನಮ್ಮಲ್ಲಿಲ್ಲ ಎಂದು ಬೇರೆ ಶಸ್ತ್ರವೈದ್ಯರೇ ಸಾಕ್ಷಿ ಹೇಳಿದರು. ರೋಗಿಗೆ 500 ಪೌಂಡ್ ಪರಿಹಾರ ಸಿಕ್ಕಿತು. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತ.

ಅಲ್ಲಿಯವರೆಗೆ ರೋಗಿ ಎಚ್ಚರವಾಗಿರುತ್ತಿದ್ದ. ಅಫೀಮು, ಮದ್ಯ ಏನೇ ಕೊಟ್ಟರೂ ಪೂರ್ತಿ ಮೈಮರೆಯುತ್ತಿರಲಿಲ್ಲ. ಅವನು ಸಹಕರಿಸದಿದ್ದರೆ ಶಸ್ತ್ರಚಿಕಿತ್ಸೆ ಬಹಳ ಕಷ್ಟ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಗಡ್ಡೆ ತೆಗೆದದ್ದನ್ನು ಜನ ನೋಡಿದರು. ಮಾರನೇ ವರ್ಷವೇ ಅದು ಕಲ್ಕತ್ತಾಕ್ಕೆ ಬಂತು. ಮನುಷ್ಯಕುಲಕ್ಕೆ ಅಲ್ಲಾಹನ ದೊಡ್ಡ ಅನುಗ್ರಹವದು, ಸಂಶಯವಿಲ್ಲ. ಆದರೆ ಅಂದಿನಿಂದ ರೋಗಿಯ ಬಾಯಿ ಮುಚ್ಚಿತು. ಒಳಗೆ ಹೋದ ಮೇಲೆ ಬೇಡವೆನ್ನಲು, ಇಷ್ಟೇ ಸಾಕೆನ್ನಲು ಆಗದು. ಮಾತಾಡುವುದಿದ್ದರೆ ಮೊದಲೇ ಆಡಬೇಕು. ಒಪ್ಪಿಗೆಯ ಪ್ರಶ್ನೆ ಇಪ್ಪತ್ತನೇ ಶತಮಾನದಲ್ಲಿ ಇಷ್ಟು ದೊಡ್ಡದಾಗಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. 1914ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶ ಕಾರ್ಡೋಜೊ ಬರೆದ ಹೆಸರಾಂತ ತೀರ್ಪಿನ ಹಿಂದೆಯೂ ಇಂಥದ್ದೇ ದೂರಿತ್ತು. ಮಹಿಳೆಯೊಬ್ಬರು ಈಥರ್ ಕೊಟ್ಟು ಪರೀಕ್ಷೆ ಮಾಡಲಷ್ಟೇ ಒಪ್ಪಿದ್ದರು, ವೈದ್ಯರು ಗಡ್ಡೆಯನ್ನೇ ತೆಗೆದುಬಿಟ್ಟಿದ್ದರು ಎಂಬುದು ಆಕೆಯ ದೂರು.

ಅರಿವಳಿಕೆಯ ಚರಿತ್ರೆಯಲ್ಲಿ ನಮ್ಮ ನಾಡಿಗೆ ಹತ್ತಿರದ ಒಂದು ಪುಟವೂ ಇದೆ. ಕ್ಲೋರೋಫಾರಂ ಎಷ್ಟು ಸುರಕ್ಷಿತ ಎಂದು ತಿಳಿಯಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಖರ್ಚು ಕೊಟ್ಟವರು ನಿಜಾಮರು, ಮುಂದೆ ನಿಂತವರು ಡಾಕ್ಟರ್ ಎಡ್ವರ್ಡ್ ಲಾರಿ. ಆಗ ಕಲಬುರಗಿ, ಬೀದರ್, ರಾಯಚೂರು ಅದೇ ಸಂಸ್ಥಾನದಲ್ಲಿದ್ದವು. ಕಲಬುರಗಿಯ ಹೆಸರು ಮುಂದೆ ಮತ್ತೆ ಬರುತ್ತದೆ, ಬೇರೆ ಕಾರಣಕ್ಕೆ.

ಅದಕ್ಕೆ ಮುನ್ನ ಹೆಣ್ಣುಮಕ್ಕಳ ವಿಷಯ. ನಮ್ಮವರು ಇಂದಿಗೂ ಸಾಲ ಸೋಲ ಮಾಡಿ ಹೋಗುವ ವೆಲ್ಲೂರು ಆಸ್ಪತ್ರೆಯ ಹುಟ್ಟಿನ ಕಥೆ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. 1890ರ ದಶಕ, ತಮಿಳುನಾಡಿನ ತಿಂಡಿವನಂ. ಮಿಷನ್ ಡಾಕ್ಟರರ ಮಗಳು ಐಡಾ ಸ್ಕಡರ್ ಅಮೆರಿಕದಿಂದ ಬಂದು ತಂದೆತಾಯಿಯ ಜೊತೆಗಿದ್ದಳು. ಒಂದು ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಬೇರೆ ಜಾತಿಯ ಹಿಂದೂ. ಮೂವರ ಹೆಂಡತಿಯರೂ ಹೆರಿಗೆಯಲ್ಲಿ ಒದ್ದಾಡುತ್ತಿದ್ದರು. ತನ್ನ ತಂದೆ ಡಾಕ್ಟರು, ಅವರನ್ನು ಕರೆದೊಯ್ಯಿರಿ ಎಂದು ಐಡಾ ಹೇಳಿದಳು. ಗಂಡಸು ಡಾಕ್ಟರು ಬೇಡ, ನೀನೇ ಬಾ ಎಂದರು ಮೂವರೂ. ಆಕೆಗೆ ವೈದ್ಯ ವಿದ್ಯೆ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹಿಂತಿರುಗಿ ಡಾಕ್ಟರಾಗಿ 1900ರಲ್ಲಿ ಮತ್ತೆ ಬಂದರು. 1902ರಲ್ಲಿ ವೆಲ್ಲೂರಿನಲ್ಲಿ ಆಸ್ಪತ್ರೆ ತೆರೆದರು.

ಈ ಕಥೆಯನ್ನು ಸಾಮಾನ್ಯವಾಗಿ ಐಡಾ ಅವರ ತ್ಯಾಗದ ಕಥೆಯಾಗಿ ಹೇಳುತ್ತಾರೆ. ನನ್ನನ್ನು ಕಾಡುವುದು ಆ ಮೂರು ಮನೆಗಳ ಒಳಕೋಣೆ. ಡಾಕ್ಟರನ್ನು ಕರೆಸಲೋ ಬೇಡವೋ ಎಂದು ಆ ಮೂವರು ಹೆಂಗಸರಲ್ಲಿ ಒಬ್ಬರನ್ನಾದರೂ ಯಾರಾದರೂ ಕೇಳಿದ್ದರೇ? ಕಥೆಯಲ್ಲಿ ಅದು ಇಲ್ಲ. ಬಾಗಿಲಲ್ಲಿ ನಿಂತು ಮಾತಾಡಿದವರೆಲ್ಲ ಗಂಡಸರು.

ಬೆಂಗಳೂರಿನ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ದಾನದಿಂದ ಎದ್ದ ಘೋಷಾ ಆಸ್ಪತ್ರೆ ಇದೇ ಸಮಸ್ಯೆಗೆ ನಮ್ಮವರೇ ಕಂಡುಕೊಂಡ ಉತ್ತರ. ಘೋಷಾದಲ್ಲಿರುವ ಹೆಂಗಸರೂ ಸಂಕೋಚವಿಲ್ಲದೆ ಬರಲಿ ಎಂದು ಆ ಹೆಸರು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದಲೂ ಹೆರಿಗೆಗೆ ಅಲ್ಲಿಗೆ ಹೋದ ಹಿರಿಯ ನಾನಿಯರು ನಮ್ಮಲ್ಲಿದ್ದಾರೆ. ಆಸ್ಪತ್ರೆಯ ಬಾಗಿಲು ಹೀಗೆ ತೆರೆಯಿತು. ಫಾರಂ ಮಾತ್ರ ಗಂಡನ ಕೈಯಲ್ಲೇ ಉಳಿಯಿತು.

ಫಾರಂ ಇದ್ದ ಮಾತ್ರಕ್ಕೆ ಒಪ್ಪಿಗೆ ಇತ್ತೆಂದಲ್ಲ ಎಂಬುದನ್ನು ಈ ದೇಶ ತುರ್ತುಪರಿಸ್ಥಿತಿಯಲ್ಲಿ ಕಂಡಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಹೆಚ್ಚಿನವು ಗಂಡಸರಿಗೆ. ನೌಕರರಿಗೆ ಗುರಿ ನಿಗದಿಯಾಗಿತ್ತು. ಗುರಿ ಮುಟ್ಟದಿದ್ದರೆ ಸಂಬಳಕ್ಕೆ, ಬಡ್ತಿಗೆ ಕುತ್ತು. ಹರಿಯಾಣದ ಉತ್ತಾವರ್ ಎಂಬ ಮೇವಾತಿ ಮುಸ್ಲಿಮರ ಹಳ್ಳಿಯನ್ನು 1976ರ ನವೆಂಬರಿನಲ್ಲಿ ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದದ್ದು ಷಾ ಆಯೋಗದ ಮುಂದೆ ಬಂತು. ಸರ್ಕಾರಿ ಸೂಜಿ ಕಂಡರೆ ನಮ್ಮ ಕೆಲವು ಹಿರಿಯರು ಇಂದಿಗೂ ಅನುಮಾನಪಡುತ್ತಾರಲ್ಲ, ಅದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವವರು ಈ ವರ್ಷವನ್ನು ನೆನಪಿಟ್ಟುಕೊಳ್ಳಬೇಕು.

ಈಗ ಕಲಬುರಗಿ. 2015ರ ಹೊತ್ತಿಗೆ ಆ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಹೆಂಗಸರಿಗೆ ಗರ್ಭಕೋಶವನ್ನೇ ತೆಗೆಯಲಾಗಿತ್ತು. ಬಹುಪಾಲು ಲಂಬಾಣಿ ಮತ್ತು ದಲಿತ ಮಹಿಳೆಯರು, ಅನೇಕರಿಗೆ ನಲವತ್ತು ಕೂಡ ಆಗಿರಲಿಲ್ಲ. ಆರೋಗ್ಯ ಇಲಾಖೆಯ ತನಿಖೆಯಲ್ಲಿ ಕೆಲವೇ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಂಥ ಶಸ್ತ್ರಚಿಕಿತ್ಸೆಗಳ ಲೆಕ್ಕ ಸಿಕ್ಕಿತು. ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ತಮಗೆ ಹೇಳಿದ್ದರೆಂದು ಹೆಂಗಸರು ಹೇಳಿದರು. 2017ರ ಫೆಬ್ರವರಿಯಲ್ಲಿ ಅವರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತು ನ್ಯಾಯ ಕೇಳಿದರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಿಂದಲೂ ಇಂಥವೇ ದೂರುಗಳಿದ್ದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಹೇಳಿತು.

ಫಾರಂ ಎಂಬುದು ಈ ಆಸ್ಪತ್ರೆಗಳಿಗೆ ಹೊಸತೇನಲ್ಲ. ಆದರೆ ತಾಂಡಾದ ಹೆಂಗಸಿನ ಮನೆಮಾತು ಲಂಬಾಣಿ, ಫಾರಂನ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. ‘ಕ್ಯಾನ್ಸರ್’ ಎಂಬ ಒಂದು ಪದ ಕಿವಿಗೆ ಬಿದ್ದ ಮೇಲೆ ಯಾರಾದರೂ ಬೇರೆ ದಾರಿ ಇದೆಯೇ ಎಂದು ಕೇಳುತ್ತಾರೆಯೇ? ನಮ್ಮಲ್ಲೂ ಅಷ್ಟೇ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹೆಣ್ಣುಮಗಳು ಮನೆಯಲ್ಲಿ ದಖನಿ ಆಡುತ್ತಾಳೆ, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಫಾರಂ ಅವಳಿಗೆ ಎರಡು ಗೋಡೆ ಆಚೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿದ್ದು 2008ರ ಜನವರಿ 16ರಂದು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಸುಪ್ರೀಂ ಕೋರ್ಟಿಗೆ ಹೋಗುವ ಮುನ್ನ ಹತ್ತು ವರ್ಷಕ್ಕೂ ಮಿಕ್ಕಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಪ್ರಕರಣ ದೆಹಲಿಯದು. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು 1995ರಲ್ಲಿ ಹೊಟ್ಟೆಯೊಳಗೆ ದುರ್ಬೀನು ಇಟ್ಟು ನೋಡುವ ಪರೀಕ್ಷೆಗೆ ಒಪ್ಪಿ ಅರಿವಳಿಕೆ ತೆಗೆದುಕೊಂಡಿದ್ದರು. ಅವರು ಎಚ್ಚರ ತಪ್ಪಿರುವಾಗ ಹೊರಗೆ ಕೂತಿದ್ದ ಅವರ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಲಾಯಿತು. ವೈದ್ಯರ ಉದ್ದೇಶ ಕೆಟ್ಟದ್ದೆಂದು ಕೋರ್ಟು ಹೇಳಲಿಲ್ಲ. ಆದರೆ ರೋಗಿ ವಯಸ್ಕಳು, ಬುದ್ಧಿ ಸ್ವಸ್ಥವಿದೆ, ಸ್ವಲ್ಪ ಹೊತ್ತಿನಲ್ಲಿ ಎಚ್ಚರವಾಗುತ್ತಾಳೆ, ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ. ಹೀಗಿರುವಾಗ ತಾಯಿಯ ಸಹಿಗೆ ಬೆಲೆಯಿಲ್ಲ ಎಂದಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯುವುದಕ್ಕೆ ಒಪ್ಪಿಗೆಯಲ್ಲ ಎಂದಿತು. ಚಿಕಿತ್ಸೆ ಏನು, ಅದರಿಂದ ಪ್ರಯೋಜನವೇನು, ಅಪಾಯವೇನು, ಬೇರೆ ದಾರಿ ಏನಿದೆ, ಬೇಡವೆಂದರೆ ಏನಾಗುತ್ತದೆ ಎಂದು ರೋಗಿಗೆ ಮೊದಲೇ ತಿಳಿಸಬೇಕೆಂದಿತು. ಪರಿಹಾರ ಮಾತ್ರ 25,000 ರೂಪಾಯಿ. ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಬಹಳ ಕಡಿಮೆ.

ತಾಯಿಯ ಸಹಿಗೇ ಬೆಲೆಯಿಲ್ಲವಾದರೆ ಗಂಡನ ಸಹಿಗೆ? ವೈದ್ಯರಿಗಾಗಿ 2002ರಲ್ಲಿ ಮಾಡಿದ ವೃತ್ತಿ ನಿಯಮಗಳಲ್ಲಿ ಶಸ್ತ್ರಚಿಕಿತ್ಸೆಗೆ ಲಿಖಿತ ಒಪ್ಪಿಗೆ ಯಾರಿಂದ ಪಡೆಯಬೇಕೆಂದು ಹೇಳುವ ಸಾಲಿನಲ್ಲಿ ಗಂಡ ಅಥವಾ ಹೆಂಡತಿ ಮೊದಲು ಬರುತ್ತಾರೆ, ರೋಗಿ ಕೊನೆಗೆ! ಆಸ್ಪತ್ರೆಗಳ ರೂಢಿಯೂ ಅದನ್ನೇ ಹಿಡಿದುಕೊಂಡಿದೆ. ಸಂತಾನಶಕ್ತಿ ಹೋಗುವಂಥ ಶಸ್ತ್ರಚಿಕಿತ್ಸೆಗೆ ದಂಪತಿಗಳಿಬ್ಬರ ಒಪ್ಪಿಗೆ ಬೇಕೆಂದೂ ಆ ನಿಯಮದಲ್ಲಿದೆ. ಅದಿರಲಿ. ಇಬ್ಬರ ಒಪ್ಪಿಗೆ ಎಂದರೆ ಆಕೆಯದ್ದೂ ಬೇಕು ಎಂದೇ ಅರ್ಥ.

ಹೆಂಡತಿಯ ವಿಷಯದಲ್ಲಿ ಗಂಡನೇ ತೀರ್ಮಾನಿಸಬೇಕೆಂಬುದು ದೀನಿನ ಮಾತೆಂದು ಕೆಲವರು ತಿಳಿದಿದ್ದಾರೆ. ಇತ್ತೀಚಿನ ಎರಡು ನಿರ್ಣಯಗಳನ್ನು ಅವರು ನೋಡಬೇಕು. ಸೌದಿ ಅರೇಬಿಯಾದ ಹಿರಿಯ ಉಲಮಾ ಮಂಡಳಿ 1984ರಲ್ಲಿ, ವಯಸ್ಕ, ಸ್ವಸ್ಥಬುದ್ಧಿಯ ರೋಗಿಯ ಒಪ್ಪಿಗೆಯಿಲ್ಲದೆ ಶಸ್ತ್ರಚಿಕಿತ್ಸೆ ಸಲ್ಲದು, ರೋಗಿ ಗಂಡಾಗಲಿ ಹೆಣ್ಣಾಗಲಿ ಎಂದು ನಿರ್ಣಯಿಸಿತು. 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಕೂಡ ಚಿಕಿತ್ಸೆಗೆ ರೋಗಿಯ ಅನುಮತಿ ಬೇಕು, ರೋಗಿಗೆ ಆ ಸಾಮರ್ಥ್ಯವಿಲ್ಲದಿದ್ದರೆ ಮಾತ್ರ ವಲಿಯದ್ದು ಎಂದಿತು. ಪ್ರಾಣಾಪಾಯದ ತುರ್ತು ಬೇರೆ ಮಾತು. ಅಲ್ಲಿ ಅನುಮತಿಗೆ ಕಾಯಬೇಕಿಲ್ಲ. ಅಪಘಾತವಾಗಿ ಎಚ್ಚರವಿಲ್ಲದೆ ಬಂದವರಿಗೂ, ನಾಳೆ ಮೊಣಕಾಲಿನ ಆಪರೇಷನ್‌ಗೆ ಎದ್ದು ಕೂತು ಚಹಾ ಕುಡಿಯುತ್ತಿರುವವರಿಗೂ ಒಂದೇ ನಿಯಮವಲ್ಲ.

ಕರ್ನಾಟಕದಲ್ಲಿ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ಬಂದಾಗ ಖಾಸಗಿ ಡಾಕ್ಟರರು ನವೆಂಬರ್ ತಿಂಗಳಲ್ಲಿ ಮುಷ್ಕರ ಹೂಡಿದ್ದು ನೆನಪಿರಬಹುದು. ಗಲಾಟೆ ದರದ ಬಗ್ಗೆ, ಶಿಕ್ಷೆಯ ಬಗ್ಗೆ. ಅದರೊಳಗೆ ರೋಗಿಗಳ ಹಕ್ಕುಗಳ ಪಟ್ಟಿಯೂ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ.

ಇನ್ನು ನಮ್ಮ ಮನೆಗಳ ಒಂದು ರೂಢಿ. ರಿಪೋರ್ಟಿನಲ್ಲಿ ಗಡ್ಡೆ ಎಂದು ಬಂದರೆ, “ಅಮ್ಮಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಳ್ತಾರೆ” ಎಂದು ಮಕ್ಕಳು ಕೈಮುಗಿಯುತ್ತಾರೆ. ಅಲ್ಸರ್ ಎಂದೋ ನೀರುಗಡ್ಡೆ ಎಂದೋ ಹೇಳಿ ಒಳಗೆ ಕಳಿಸುತ್ತಾರೆ. ಇದರ ಹಿಂದಿರುವ ಪ್ರೀತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ವಸಿಯ್ಯತ್ ಮಾಡುವುದು, ಸಾಲ ತೀರಿಸುವುದು, ಮುನಿಸಿಕೊಂಡ ತಂಗಿಯ ಬಳಿ ಮಾಫಿ ಕೇಳುವುದು, ಇವೆಲ್ಲ ತಿಳಿದವರಿಗೆ ಮಾತ್ರ ಸಾಧ್ಯ. ಆ ತಾಯಿಗೆ ಬಹುಶಃ ಮೊದಲೇ ಗೊತ್ತಿರುತ್ತದೆ. ಮಕ್ಕಳ ಮುಖ ನೋಡಿ ಆಕೆಯೂ ಗೊತ್ತಿಲ್ಲದಂತೆ ಇರುತ್ತಾರೆ, ಅಷ್ಟೇ.

ಹೇಳಿದರೆ ರೋಗಿ ಕುಸಿಯುತ್ತಾರೆ ಎಂಬ ನಂಬಿಕೆಗೆ ವಿರುದ್ಧವಾದ ಒಂದು ಹಳೆಯ ಅಧ್ಯಯನವಿದೆ. 1964ರಲ್ಲಿ ಬಾಸ್ಟನ್‌ನ ಅರಿವಳಿಕೆ ವೈದ್ಯ ಲಾರೆನ್ಸ್ ಎಗ್‌ಬರ್ಟ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಹೊಟ್ಟೆಯ ಆಪರೇಷನ್‌ಗೆ ಬಂದ 97 ರೋಗಿಗಳನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್ ಆದ ಮೇಲೆ ಎಲ್ಲಿ ನೋಯುತ್ತದೆ, ಯಾಕೆ ನೋಯುತ್ತದೆ, ಹೇಗೆ ಉಸಿರಾಡಬೇಕು, ಮಗ್ಗುಲು ಹೇಗೆ ಬದಲಿಸಬೇಕು ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ನೋವಿನ ಬಗ್ಗೆ ಏನೂ ಹೇಳಲಿಲ್ಲ. ತಿಳಿದುಕೊಂಡವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು. ಸರಾಸರಿ 2.7 ದಿನ ಮುಂಚೆಯೇ ಮನೆಗೆ ಹೋದರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಹಾಸಿಗೆಯ ಪಕ್ಕ ಕೂತು ಆಡಿದ ಮಾತು. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಇದನ್ನು ಮುಂದಕ್ಕೆ ಒಯ್ದರು. ರೋಗಿಗೆ ಮೊದಲೇ ಎಲ್ಲ ತಿಳಿಸಿ, ಬೇಗ ಎಬ್ಬಿಸಿ ನಡೆಸುವುದು, ಬೇಗ ಊಟ ಕೊಡುವುದು. ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಆ ಪದ್ಧತಿ ಬಂದಿದೆ.

ಅವರು ನಡೆಸಿ ಕಳಿಸುತ್ತಾರೆ, ನಾವು ಮನೆಗೆ ತಂದು ಮಲಗಿಸುತ್ತೇವೆ. ನೋಡಲು ಬಂದ ಖಾಲಾ ಅನ್ನ ಕೊಡಬೇಡಿ ಎನ್ನುತ್ತಾರೆ, ಫುಫು ನೀರು ಸೋಕಿಸಬೇಡಿ ಎನ್ನುತ್ತಾರೆ, ಪಕ್ಕದ ಮನೆಯವರು ಮೂರು ತಿಂಗಳು ಮೆಟ್ಟಿಲು ಹತ್ತಬೇಡಿ ಎನ್ನುತ್ತಾರೆ. ಡಾಕ್ಟರು ಕಲಿಸಿದ ಕಾಲಿನ ವ್ಯಾಯಾಮ ಮಾಡಲು ರೋಗಿಗೇ ಮನಸ್ಸಿದ್ದರೂ ಬಿಡುವುದಿಲ್ಲ. ಇಲ್ಲಿ ಅಬೂ ದಾವೂದ್‌ನಲ್ಲಿ ಹಝ್ರತ್ ಜಾಬಿರ್(ರ) ಹೇಳಿದ ಪ್ರಸಂಗ ನೆನಪಾಗುತ್ತದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಗುಲಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಯವರನ್ನು ಕೇಳಿದರು. ನೀರು ಸಿಗುವಾಗ ರಿಯಾಯಿತಿ ಇಲ್ಲ ಎಂದರು ಅವರು. ಗಾಯಾಳು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಬಹಳ ಕಟುವಾಗಿ ಮಾತಾಡಿದರು. ಅವರನ್ನು ಕೊಂದವರು ಇವರೇ ಎಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂದರು.

ಅದಕ್ಕೆ ಎದುರಾಗಿ ಇಮ್ರಾನ್ ಇಬ್ನ್ ಹುಸೈನ್(ರ) ಅವರ ಪ್ರಸಂಗವಿದೆ. ಅವರಿಗೆ ಮೂಲವ್ಯಾಧಿ ಇತ್ತು. ನಮಾಝ್ ಹೇಗೆ ಮಾಡಲಿ ಎಂದು ಪ್ರವಾದಿವರ್ಯರನ್ನು(ಸ) ಕೇಳಿದರು. ನಿಂತು ಮಾಡು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಎಂಬ ಉತ್ತರ ಬಂತು. ಆಗುತ್ತದೋ ಇಲ್ಲವೋ ಎಂದು ಮೊದಲು ಅರಿಯುವವರು ಮೈಯ ಒಳಗಿರುವವರೇ. ಆಪರೇಷನ್ ಆದ ಅಬ್ಬಾ ಕುರ್ಚಿಯ ಮೇಲೆ ನಮಾಝ್ ಮಾಡಬೇಕೋ, ಎದ್ದು ನಿಲ್ಲಬಲ್ಲರೋ ಎಂದು ಮನೆಯವರು ಪಂಚಾಯಿತಿ ಸೇರುವ ಬದಲು ಅವರನ್ನೇ ಕೇಳಬಹುದು. ಹೊಲಿಗೆಯ ಬಗ್ಗೆ ಅನುಮಾನವಿದ್ದರೆ ಡಾಕ್ಟರನ್ನು.

ಡಿಸ್ಚಾರ್ಜ್ ಆಗುವಾಗ ಕೊಡುವ ಸಾರಾಂಶದ ಹಾಳೆಯನ್ನು ರೋಗಿಯ ಕೈಗೇ ಕೊಡಿ. ಎಷ್ಟು ದಿನಕ್ಕೆ ನಡೆಯಬೇಕು, ಯಾವ ಮಾತ್ರೆ ಯಾಕೆ, ಏನಾದರೆ ತಕ್ಷಣ ವಾಪಸು ಬರಬೇಕು ಎಂಬುದನ್ನು ಕನ್ನಡದಲ್ಲೋ ದಖನಿಯಲ್ಲೋ ಅವರ ಮುಂದೆಯೇ ಹೇಳಿಸಿ. ಏನು ತೆಗೆದರು, ಯಾಕೆ ತೆಗೆದರು ಎಂದು ಸರಿಯಾಗಿ ತಿಳಿಯದೆ ಮನೆಗೆ ಬಂದವರೂ ಆಸ್ಪತ್ರೆಯಿಂದ ತಮ್ಮ ದಾಖಲೆಗಳನ್ನು ಬರೆದು ಕೇಳಬಹುದು. ಅದೇ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಅವನ್ನು ಕೊಡಬೇಕು. ಅರ್ಜಿಗೆ ಸಹಿ ರೋಗಿಯದ್ದೇ ಇರಲಿ.